ಮೂರು ಲಿಪಿ, ಒಂದು ಮ್ಯಾಕ್

ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ದಿನವಿಡೀ ಟೈಪ್ ಮಾಡುವ ಪುಣೆಯ ಕನ್ನಡಿಗರಿಗೆ ಒಂದು ಕೈಪಿಡಿ: ಮ್ಯಾಕ್‌ನಲ್ಲಿ ಇರುವ ಸವಲತ್ತು ಬಳಸುವುದರಿಂದ ಹಿಡಿದು ಸ್ವಂತದ ಪುಟ್ಟ ಆಪ್ ಬರೆದು ಮಾರುವವರೆಗೆ.

ಹಿಂಜವಡಿಯ ಕಚೇರಿಗೆ ಇಂಗ್ಲಿಷಿನಲ್ಲಿ ಮೇಲ್, ಹೌಸಿಂಗ್ ಸೊಸೈಟಿಯ ನೋಟಿಸಿಗೆ ಮರಾಠಿಯಲ್ಲಿ ಉತ್ತರ, ಊರಿನ ಅಣ್ಣತಮ್ಮಂದಿರಿಗೆ ಕನ್ನಡದಲ್ಲಿ ನಾಲ್ಕು ಸಾಲು. ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಮೂರೂ ದಿನನಿತ್ಯದ ಕೆಲಸ. ಅನುವಾದಕರು, ಡಿಟಿಪಿಯವರು, ಶಾಲಾ ಶಿಕ್ಷಕರು, ಸಾಫ್ಟ್‌ವೇರ್ ಎಂಜಿನಿಯರುಗಳು ಎಲ್ಲರೂ ಈ ಸಾಲಿನವರೇ. ಅವರಲ್ಲಿ ಮ್ಯಾಕ್ ಕೊಂಡವರ ಬಾಯಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರು ಒಂದೇ: ‘ವಿಂಡೋಸ್‌ನಲ್ಲಿ ನುಡಿ ಇತ್ತು, ಬರಹ ಇತ್ತು. ಇಲ್ಲಿ ಏನೂ ಇಲ್ಲ.’

ಇದೆ, ಹುಡುಕಬೇಕು ಅಷ್ಟೆ. ಹುಡುಕುವುದಕ್ಕೆ ಒಂದು ಕ್ರಮವಿದ್ದರೆ ದುಡ್ಡೂ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ. ಮ್ಯಾಕ್‌ನಲ್ಲಿ ಮೊದಲೇ ಇರುವುದನ್ನು ಪೂರ್ತಿ ಬಳಸಿ. ಅದು ಸಾಲದ ಕಡೆ ಒಬ್ಬಿಬ್ಬರೇ ಕೂತು ಬರೆದ ಸಣ್ಣ ತಂತ್ರಾಂಶಗಳನ್ನು ತನ್ನಿ. ಅಲ್ಲೂ ಸಿಗದ್ದನ್ನು ನೀವೇ ಬರೆದುಕೊಳ್ಳಿ. ಮೂರನೆಯದು ಕೇಳಿದಷ್ಟು ಕಷ್ಟವಲ್ಲ. ಪುಣೆಯಲ್ಲೇ ನಡೆದ ಒಂದು ಹಳೆಯ ಕೆಲಸದ ಫಲವಾಗಿ ಅದು ಕನ್ನಡ-ಮರಾಠಿ ಬಲ್ಲವರಿಗೆ ಇನ್ನಷ್ಟು ಸುಲಭ.

ಒಮ್ಮೆ ಕಲಿತರೆ ಎರಡು ಲಿಪಿ

ಸಿಸ್ಟಮ್ ಸೆಟ್ಟಿಂಗ್ಸ್ ತೆರೆದು ಕೀಬೋರ್ಡ್ ವಿಭಾಗದ ಇನ್‌ಪುಟ್ ಸೋರ್ಸಸ್‌ಗೆ ಹೋಗಿ, ಕೂಡಿಸು ಗುರುತು ಒತ್ತಿ ಕನ್ನಡ ಆರಿಸಿ. ಬರೀ ‘ಕನ್ನಡ’ ಎಂದಿರುವುದು ಇನ್‌ಸ್ಕ್ರಿಪ್ಟ್ ವಿನ್ಯಾಸ. ‘ಕನ್ನಡ ಕ್ವರ್ಟಿ’ ಎಂದಿರುವುದು ಇಂಗ್ಲಿಷ್ ಅಕ್ಷರದ ಸದ್ದಿಗೆ ಹೊಂದಿಸಿದ್ದು. ಹೆಚ್ಚಿನವರು ಎರಡನೆಯದನ್ನು ಆರಿಸುತ್ತಾರೆ. ಕನ್ನಡವೊಂದನ್ನೇ ಬರೆಯುವವರಿಗೆ ಅದು ಸರಿ. ಮರಾಠಿಯನ್ನೂ ಬರೆಯಬೇಕಾದವರು ಮೊದಲನೆಯದನ್ನು ಕಲಿಯುವುದು ಜಾಣತನ.

ಭಾರತೀಯ ಲಿಪಿಗಳಿಗೆಲ್ಲ ಒಂದೇ ವಿನ್ಯಾಸ ಇರಲಿ ಎಂಬ ಉದ್ದೇಶದಿಂದ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ 1980ರ ದಶಕದಲ್ಲಿ ಇನ್‌ಸ್ಕ್ರಿಪ್ಟ್ ಅನ್ನು ಗೊತ್ತುಪಡಿಸಿತು. ಅದನ್ನು ಕಂಪ್ಯೂಟರುಗಳಿಗೆ ಇಳಿಸಿದ ಮುಖ್ಯ ಕೆಲಸ ನಡೆದದ್ದು ಪುಣೆಯಲ್ಲಿ. ಕಾನ್ಪುರದ ಐಐಟಿಯಲ್ಲಿ ಹುಟ್ಟಿದ, ಭಾರತೀಯ ಲಿಪಿಗಳ ಜಿಸ್ಟ್ ತಂತ್ರಜ್ಞಾನ, 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮೋಹನ್ ತಾಂಬೆ ಅವರ ತಂಡದ ಕೈಯಲ್ಲಿ ಬೆಳೆಯಿತು. ಪರಮ್ ಸೂಪರ್ ಕಂಪ್ಯೂಟರಿನ ಹೆಸರಿನಲ್ಲಿ ಸಿ-ಡ್ಯಾಕ್ ಅನ್ನು ನೆನೆಯುವವರು ಬಹಳ. ಅದೇ ಸಂಸ್ಥೆಯ ಈ ಕೆಲಸ ಮಾತ್ರ ನಮ್ಮ ಬೆರಳ ತುದಿಯಲ್ಲಿ ದಿನವೂ ಇದೆ.

ಇನ್‌ಸ್ಕ್ರಿಪ್ಟ್‌ನಲ್ಲಿ ಎಡಗೈಗೆ ಸ್ವರ, ಬಲಗೈಗೆ ಹೆಚ್ಚಿನ ವ್ಯಂಜನಗಳು. ಕನ್ನಡದ ‘ಕ’ ಇರುವ ಕೆ ಕೀಲಿಯಲ್ಲೇ ಮರಾಠಿಯ ‘ಕ’ ಕೂಡ ಇದೆ. ಹಲಂತ ಎರಡಕ್ಕೂ ಡಿ ಕೀಲಿಯಲ್ಲಿ. ‘ಪುಣೆ’ ಎಂದು ಕನ್ನಡದಲ್ಲಿ ಬರೆಯಲು ಎಚ್, ಜಿ, ಶಿಫ್ಟ್ ಹಿಡಿದು ಸಿ, ಕೊನೆಗೆ ಝಡ್ ಒತ್ತಬೇಕು. ಮರಾಠಿಯಲ್ಲಿ ಬರೆಯಲು ಎಚ್, ಜಿ, ಶಿಫ್ಟ್ ಹಿಡಿದು ಸಿ, ಕೊನೆಗೆ ಎಸ್. ವ್ಯತ್ಯಾಸ ಒಂದೇ ಕೀಲಿಯದು. ಕನ್ನಡಕ್ಕೆ ಎ, ಏ ಎರಡೂ ಇವೆ, ಮರಾಠಿಗೆ ದೀರ್ಘದ್ದೊಂದೇ ಇದೆ ಎಂಬುದೇ ಅದಕ್ಕೆ ಕಾರಣ. ಒಂದಷ್ಟು ದಿನ ಕೈ ಪಳಗಿದರೆ ಎರಡೂ ಭಾಷೆ ಒಂದೇ ಅಭ್ಯಾಸದಲ್ಲಿ ಬರುತ್ತವೆ. ಕಲಿಯುವಾಗ ಮೇಲಿನ ಪಟ್ಟಿಯ ಇನ್‌ಪುಟ್ ಮೆನುವಿನಿಂದ ಕೀಬೋರ್ಡ್ ವ್ಯೂವರ್ ತೆರೆದಿಟ್ಟುಕೊಂಡರೆ ಯಾವ ಕೀಲಿಗೆ ಯಾವ ಅಕ್ಷರ ಎಂದು ಪರದೆಯ ಮೇಲೇ ಕಾಣುತ್ತದೆ.

ವರ್ಷಗಟ್ಟಲೆ ನುಡಿಯ ವಿನ್ಯಾಸದಲ್ಲಿ ಬರೆದು ಕೈ ಕೂತಿದ್ದರೆ ಅದನ್ನು ಬಿಡಬೇಕಾಗಿಲ್ಲ. ಎಸ್‌ಐಎಲ್ ಸಂಸ್ಥೆಯ ‘ಯುಕುಲೇಲೆ’ ಎಂಬ ಉಚಿತ ಆಪ್‌ನಲ್ಲಿ ನುಡಿ ಬಳಸುವ ಆ ಕೆ.ಪಿ. ರಾವ್ ವಿನ್ಯಾಸವನ್ನು ನೀವೇ ಕಟ್ಟಿಕೊಳ್ಳಬಹುದು. ಉಳಿಸಿದ ಕಡತವನ್ನು ಲೈಬ್ರರಿ ಫೋಲ್ಡರಿನ ಕೀಬೋರ್ಡ್ ಲೇಔಟ್ಸ್ ಒಳಗೆ ಹಾಕಿ, ಲಾಗ್‌ಔಟ್ ಆಗಿ ಮತ್ತೆ ಬಂದರೆ ಅದೂ ಪಟ್ಟಿಯಲ್ಲಿ ಸೇರಿರುತ್ತದೆ.

ಭಾಷೆ ಬದಲಿಸುವುದು

ಕಂಟ್ರೋಲ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಹಿಂದಿನ ಭಾಷೆಗೆ ಮರಳುತ್ತದೆ. ಎರಡು ಭಾಷೆಗಳಿಗೆ ಇದು ಸಾಕು, ಮೂರಾದಾಗ ಗೊಂದಲ ಶುರು. ಎಷ್ಟು ಸಲ ಒತ್ತಿದರೆ ಯಾವುದು ಬರುತ್ತದೆಂದು ಎಣಿಸುತ್ತ ಕೂತರೆ ಬರೆಯುವುದು ಯಾವಾಗ?

ಮೊದಲ ಪರಿಹಾರ ಮ್ಯಾಕ್‌ನಲ್ಲೇ ಇದೆ. ಇನ್‌ಪುಟ್ ಸೋರ್ಸಸ್‌ನಲ್ಲಿ, ಕ್ಯಾಪ್ಸ್ ಲಾಕ್ ಒತ್ತಿದರೆ ಇಂಗ್ಲಿಷಿಗೆ ಹೋಗಿ ಬರುವ ಆಯ್ಕೆಯನ್ನು ಚಾಲೂ ಮಾಡಿ. ಅಲ್ಲೇ ಇರುವ, ಕಡತಕ್ಕೆ ತಕ್ಕಂತೆ ಭಾಷೆಯನ್ನು ತಾನೇ ಬದಲಿಸುವ ಆಯ್ಕೆಯನ್ನೂ ಹಾಕಿ. ಆಗ ಕನ್ನಡದ ಕಡತ ತೆರೆದಿರುವ ಕಿಟಕಿಗೆ ಮರಳಿದಾಗ ಕೀಲಿಮಣೆಯೂ ಕನ್ನಡಕ್ಕೆ ಮರಳುತ್ತದೆ.

ಎರಡನೆಯದು ಜಪಾನಿನ ತಕಯಾಮ ಫುಮಿಹಿಕೊ ಬರೆದು ಉಚಿತವಾಗಿ ಕೊಡುತ್ತಿರುವ ಕರಾಬಿನರ್-ಎಲಿಮೆಂಟ್ಸ್. ಎಡಗಡೆಯ ಕಮಾಂಡ್ ಅನ್ನು ಒಂಟಿಯಾಗಿ ತಟ್ಟಿದರೆ ಇಂಗ್ಲಿಷ್, ಬಲಗಡೆಯದನ್ನು ತಟ್ಟಿದರೆ ಕನ್ನಡ, ಬಲಗಡೆಯ ಆಪ್ಷನ್ ತಟ್ಟಿದರೆ ಮರಾಠಿ ಎಂದು ಅದರಲ್ಲಿ ಗೊತ್ತುಮಾಡಬಹುದು. ಬೇರೆ ಕೀಲಿಯ ಜತೆ ಒತ್ತಿದಾಗ ಅವೇ ಕೀಲಿಗಳು ಎಂದಿನ ಕೆಲಸವನ್ನೇ ಮಾಡುತ್ತವೆ. ಈಗ ಯಾವ ಭಾಷೆಯಲ್ಲಿದ್ದೇನೆ ಎಂದು ನೋಡುವ ಅಗತ್ಯವೇ ಬೀಳುವುದಿಲ್ಲ. ಬೇಕಾದ ಭಾಷೆಯ ಕೀಲಿ ತಟ್ಟಿ ಬರೆಯುತ್ತ ಹೋಗುವುದು. ಮೂರು ಲಿಪಿಯಲ್ಲಿ ಕೆಲಸ ಮಾಡುವವರು ಒಂದೇ ಒಂದು ಆಪ್ ಹಾಕಿಕೊಳ್ಳುವುದಾದರೆ ಇದನ್ನು ಹಾಕಿಕೊಳ್ಳಲಿ.

ಬೂದು ಬಣ್ಣದಲ್ಲಿ ಅಡಗಿರುವ ಫಾಂಟುಗಳು

ಮ್ಯಾಕ್‌ನಲ್ಲಿ ಕನ್ನಡ ಫಾಂಟು ಎರಡೇ ಎಂದು ನಂಬಿದವರಿದ್ದಾರೆ. ಫಾಂಟ್ ಬುಕ್ ತೆರೆದು ಎಲ್ಲ ಫಾಂಟುಗಳ ಪಟ್ಟಿ ನೋಡಿ. ಬೂದು ಬಣ್ಣದಲ್ಲಿರುವ ಹೆಸರುಗಳು ಆಪಲ್ ಪರವಾನಗಿ ಪಡೆದು ಇಟ್ಟಿರುವವು. ಡೌನ್‌ಲೋಡ್ ಒತ್ತಿದರೆ ಉಚಿತವಾಗಿ ಬರುತ್ತವೆ. ಬಾಲೂ ತಮ್ಮ, ಅಕಾಯ ಕನಡಕ, ಪದ್ಯಕ್ಕೆ, ಲಾವ ಕನ್ನಡ, ಅಕ್ಟೋಬರ್ ಕನ್ನಡ, ಸಮ ಕನ್ನಡ, ನೋಟೊ ಸೆರಿಫ್ ಕನ್ನಡ ಇವೆಲ್ಲ ಅಲ್ಲಿವೆ. ಆಮಂತ್ರಣ ಪತ್ರಿಕೆಗೂ ಪುಸ್ತಕದ ಒಳಪುಟಕ್ಕೂ ಬೇರೆ ಬೇರೆ ಮುಖ ಬೇಕೆನ್ನುವವರಿಗೆ ಇಷ್ಟು ಒಳ್ಳೆಯ ಆರಂಭ.

ಮೊದಲಿಂದಲೂ ಇರುವ ‘ಕನ್ನಡ ಸಂಗಮ್ ಎಂಎನ್’ನ ಬಾಲದಲ್ಲಿರುವ ಎರಡು ಅಕ್ಷರ ಮುತ್ತು ನೆಡುಮಾರನ್ ಅವರ ಹೆಸರಿನವು. ಮಲೇಷ್ಯಾದ ಈ ತಮಿಳರು ಮುರಸು ಎಂಬ ತಮ್ಮ ಸಣ್ಣ ಸಂಸ್ಥೆಯಿಂದ ಮಾಡಿದ ಫಾಂಟುಗಳು ಇಂದು ಜಗತ್ತಿನ ಮ್ಯಾಕ್‌ಗಳಲ್ಲೆಲ್ಲ ಇವೆ. ಅದೇ ಪಟ್ಟಿಯಲ್ಲಿ ‘ಶ್ರೀ ದೇವನಾಗರಿ 714’ ಕಂಡರೆ ಅದು ಪುಣೆಯದು. ಕರ್ನಾಟಕದ ಡಿಟಿಪಿ ಅಂಗಡಿಗಳಲ್ಲಿ ಮನೆಮಾತಾಗಿದ್ದ ಶ್ರೀ ಲಿಪಿಯನ್ನು ಕೊಟ್ಟ ಮಾಡ್ಯುಲರ್ ಇನ್ಫೋಟೆಕ್ ಈ ಊರಿನ ಸಂಸ್ಥೆಯೇ.

ಕಣ್ಣಿಗೆ ಕಾಣದ ಅಕ್ಷರ

ಕನ್ನಡದಲ್ಲಿ ದೊಡ್ಡ ಕಡತ ತಿದ್ದುವವರಿಗೆ ಒಂದು ವಿಚಿತ್ರ ಅನುಭವ ಆಗಿಯೇ ಇರುತ್ತದೆ. ‘ಸಾಫ್ಟ್‌ವೇರ್’ ಎಂಬ ಪದ ಎದುರಿಗೇ ಇದೆ, ಫೈಂಡ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಟ ಮತ್ತು ವ ಒತ್ತಕ್ಷರವಾಗಿ ಕೂಡದಂತೆ ನಡುವೆ ಕಾಣದ ಒಂದು ಅಕ್ಷರ ಕೂತಿರುವುದೇ ಇದಕ್ಕೆ ಕಾರಣ. ಅದರ ಯೂನಿಕೋಡ್ ಸಂಖ್ಯೆ 200ಸಿ. ‘ರ‍್ಯಾಂಕ್’ ಎಂದು ಬರೆಯಲು ಬೇಕಾಗುವ ಇನ್ನೊಂದು ಕಾಣದ ಅಕ್ಷರ 200ಡಿ. ಒಬ್ಬರು ಇವನ್ನು ಹಾಕಿ ಬರೆದಿದ್ದು, ಇನ್ನೊಬ್ಬರು ಹಾಕದೆ ಹುಡುಕಿದರೆ ಕಂಪ್ಯೂಟರಿಗೆ ಅವು ಬೇರೆ ಬೇರೆ ಪದಗಳಾಗಬಹುದು.

ಇದಕ್ಕೆ ಮೂರು ಕೆಲಸ ಮಾಡಿಟ್ಟುಕೊಳ್ಳಿ. ಒಂದು, ಇನ್‌ಪುಟ್ ಸೋರ್ಸಸ್‌ನಲ್ಲಿ ‘ಯೂನಿಕೋಡ್ ಹೆಕ್ಸ್ ಇನ್‌ಪುಟ್’ ಸೇರಿಸಿ. ಅದಕ್ಕೆ ಬದಲಿಸಿಕೊಂಡು ಆಪ್ಷನ್ ಒತ್ತಿ ಹಿಡಿದು 200ಸಿ ಎಂದು ಹೊಡೆದರೆ ಆ ಅಕ್ಷರ ಬೀಳುತ್ತದೆ. ಎರಡು, ಮೇಲಿಂದ ಮೇಲೆ ಬೇಕಾಗುವ ಪದಗಳನ್ನು ಕೀಬೋರ್ಡ್ ವಿಭಾಗದ ಟೆಕ್ಸ್ಟ್ ರಿಪ್ಲೇಸ್‌ಮೆಂಟ್ಸ್‌ನಲ್ಲಿ ಸರಿಯಾದ ರೂಪದಲ್ಲೇ ಸೇರಿಸಿಡಿ. ಐಕ್ಲೌಡ್ ಇದ್ದರೆ ಇದೇ ಪಟ್ಟಿ ಐಫೋನಿಗೂ ಹೋಗುತ್ತದೆ. ಮೂರು, ಪುಸ್ತಕದಂಥ ದೊಡ್ಡ ಕಡತವನ್ನು ತಿದ್ದುವ ಮೊದಲು ಬಿಬಿಎಡಿಟ್ ಎಂಬ ಪಠ್ಯ ಸಂಪಾದಕದಲ್ಲಿ ತೆರೆದು ಈ ಕಾಣದ ಅಕ್ಷರಗಳು ಎಲ್ಲೆಲ್ಲಿವೆ ಎಂದು ಗ್ರೆಪ್ ಮೂಲಕ ಹುಡುಕಿ, ಬೇಡದ ಕಡೆ ತೆಗೆಯಿರಿ. ಒಂದೇ ಏಟಿಗೆ ಎಲ್ಲವನ್ನೂ ಅಳಿಸಬೇಡಿ, ಬೇಕಾದವೂ ಹೋಗುತ್ತವೆ.

ಹಳೆಯ ಕಡತಗಳ ಗತಿ

ನುಡಿ, ಬರಹ, ಶ್ರೀ ಲಿಪಿಯ ಕಾಲದ ಕಡತಗಳು ಮ್ಯಾಕ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ನುಡಿ ಮತ್ತು ಬರಹದ ಪಠ್ಯವನ್ನು ಯೂನಿಕೋಡಿಗೆ ತರಲು ಅರವಿಂದ ವಿ.ಕೆ. ಅವರು ಬರೆದ ಮುಕ್ತ ಪರಿವರ್ತಕವಿದೆ. ಶ್ರೀ ಲಿಪಿಯ ಸಂಕೇತಗಳು ಬೇರೆ, ಅದಕ್ಕೆ ಈ ಪರಿವರ್ತಕ ನಡೆಯದು. ಪರಿವರ್ತನೆ ಆದ ಮೇಲೆ ಎಲ್ಲಕ್ಕಿಂತ ಮೊದಲು ಅರ್ಕಾವತ್ತು ನೋಡಿ: ಧರ್ಮ, ಸೂರ್ಯ, ಕಾರ್ಯ, ಪೂರ್ವ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಆಮೇಲೆ ಕೂರುತ್ತಿತ್ತು, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರುತ್ತದೆ. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ.

ಮುದ್ರಿತ ಪುಟದಿಂದ ಪಠ್ಯ ತೆಗೆಯಬೇಕಾದರೆ ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶ ಹಾಕಿಕೊಳ್ಳಿ. ಹೋಮ್‌ಬ್ರೂ ಮೂಲಕ ಅದನ್ನೂ ಅದರ ಭಾಷಾ ಕಡತಗಳನ್ನೂ ಇಳಿಸಿಕೊಂಡು, ಟರ್ಮಿನಲ್‌ನಲ್ಲಿ ಭಾಷೆಯ ಸಂಕೇತವಾಗಿ ಕೆ, ಎ, ಎನ್ ಎಂಬ ಮೂರು ಸಣ್ಣ ಅಕ್ಷರ ಕೊಟ್ಟರೆ ಕನ್ನಡ ಓದುತ್ತದೆ. 300 ಡಿಪಿಐಗೆ ಕಡಿಮೆ ಇಲ್ಲದಂತೆ ಸ್ಕ್ಯಾನ್ ಮಾಡಿ. ಅಚ್ಚುಮೊಳೆಯ ಕಾಲದ ಪುಸ್ತಕಗಳಲ್ಲಿ ಒತ್ತಕ್ಷರಗಳನ್ನು ಕಣ್ಣಲ್ಲಿ ಕಣ್ಣಿಟ್ಟು ತಿದ್ದಲೇಬೇಕು.

ಒಬ್ಬಿಬ್ಬರೇ ಬರೆದ ತಂತ್ರಾಂಶಗಳು

ಮ್ಯಾಕ್ ಲೋಕದ ನಿಜವಾದ ಸೊಗಸು ದೊಡ್ಡ ಕಂಪನಿಗಳ ಆಪ್‌ಗಳಲ್ಲಿಲ್ಲ. ಒಂದೇ ಕೆಲಸವನ್ನು ಹತ್ತಿಪ್ಪತ್ತು ವರ್ಷ ಹಿಡಿದು ತಿದ್ದುತ್ತ ಬಂದ ಸಣ್ಣ ತಂಡಗಳಲ್ಲಿದೆ. ಬಿಬಿಎಡಿಟ್ 1990ರ ದಶಕದ ಆರಂಭದಿಂದ ಇದೆ. ಅದರ ಉಚಿತ ರೂಪವೇ ಬಹುಮಂದಿಗೆ ಸಾಕು. ಕೀಬೋರ್ಡ್ ಮಾಯೆಸ್ಟ್ರೊ ಆಸ್ಟ್ರೇಲಿಯಾದ ಪೀಟರ್ ಲೂಯಿಸ್ ನಡೆಸುವ ಆಪ್: ಒಂದು ಕೀಲಿಗೆ ಹತ್ತು ಹೆಜ್ಜೆಯ ಕೆಲಸ ಕಟ್ಟಿಡಬಹುದು. ಬ್ರಿಟನ್ನಿನ ಆಲ್ಫ್ರೆಡ್ ಹುಡುಕಾಟಕ್ಕೆ. ಡೌನ್‌ಲೋಡ್ಸ್ ಫೋಲ್ಡರಿಗೆ ಬಂದು ಬಿದ್ದ ಬಿಲ್ಲು, ರಸೀದಿಗಳನ್ನು ತಾನಾಗಿ ಆಯಾ ಫೋಲ್ಡರಿಗೆ ಸೇರಿಸಲು ಹೇಝಲ್. ಕಾಪಿ ಮಾಡಿದ್ದರ ಇತಿಹಾಸ ಇಡಲು ಮ್ಯಾಕ್ಸಿ, ಕಿಟಕಿಗಳನ್ನು ಜೋಡಿಸಲು ರೆಕ್ಟ್ಯಾಂಗಲ್. ಈ ಎರಡೂ ಉಚಿತವಾಗಿ ಸಿಗುತ್ತವೆ.

ಕೊಳ್ಳುವ ಮುನ್ನ ನಿಮ್ಮ ಮ್ಯಾಕ್‌ಓಎಸ್ ಆವೃತ್ತಿ ನೋಡಿಕೊಳ್ಳಿ. 2024ರ ಸೆಕ್ವೊಯಾದಿಂದ ಕಿಟಕಿಗಳನ್ನು ಅರ್ಧ ಪರದೆಗೆ ಜೋಡಿಸುವುದು ಮ್ಯಾಕ್‌ನಲ್ಲೇ ಬಂದಿದೆ: ಕಂಟ್ರೋಲ್ ಮತ್ತು ಗ್ಲೋಬ್ ಕೀಲಿ ಹಿಡಿದು ಎಡ ಅಥವಾ ಬಲ ಬಾಣ ಒತ್ತಿದರಾಯಿತು. 2025ರ ಟಾಹೋದಲ್ಲಿ ಸ್ಪಾಟ್‌ಲೈಟ್‌ಗೇ ಕ್ಲಿಪ್‌ಬೋರ್ಡ್ ಇತಿಹಾಸ ಸೇರಿದೆ.

ಟೆಕ್ಸ್ಟ್ ರಿಪ್ಲೇಸ್‌ಮೆಂಟ್ಸ್ ಎಲ್ಲ ಆಪ್‌ಗಳಲ್ಲೂ ಕೆಲಸ ಮಾಡುವುದಿಲ್ಲ, ಕೆಲವು ಬ್ರೌಸರ್‌ಗಳಲ್ಲಿ ಅದು ನಡೆಯುವುದೇ ಇಲ್ಲ. ಅಂಥ ಕಡೆ ಎಸ್ಪಾನ್ಸೊ ಎಂಬ ಉಚಿತ ಆಪ್ ನೋಡಿ. ಸೊಸೈಟಿಯ ವಿಳಾಸ, ಬ್ಯಾಂಕಿನ ಐಎಫ್‌ಎಸ್‌ಸಿ, ಮರಾಠಿ ಅರ್ಜಿಯ ಮೊದಲ ನಾಲ್ಕು ಸಾಲು, ಕನ್ನಡ ಪತ್ರದ ಒಕ್ಕಣೆ ಎಲ್ಲಕ್ಕೂ ಎರಡು ಮೂರು ಅಕ್ಷರದ ಸಂಕೇತ ಕೊಟ್ಟಿಡಿ. ಇಂಥ ಆಪ್‌ಗಳು ಕೀಲಿಮಣೆಯನ್ನು ಗಮನಿಸುವ ಅನುಮತಿ ಕೇಳುತ್ತವೆ. ಬರೆದವರು ಯಾರೆಂದು ಗೊತ್ತಿರುವ, ವರ್ಷಗಳಿಂದ ನಡೆದುಬಂದಿರುವ ಆಪ್‌ಗಳಿಗೆ ಮಾತ್ರ ಆ ಅನುಮತಿ ಕೊಡಿ.

ಒಬ್ಬರೇ ಕೂತು ತಂತ್ರಾಂಶ ಬರೆಯುವುದು ಕನ್ನಡಕ್ಕೆ ಹೊಸದೇನಲ್ಲ. ಕೆ.ಪಿ. ರಾವ್ ‘ಸೇಡಿಯಾಪು’ ಬರೆದು ಉಚಿತವಾಗಿ ಹಂಚಿದರು. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ‘ಬರಹ’ ಹೊರತಂದರು. ಪುಣೆಯಲ್ಲೂ ಇಂಥದ್ದೇ ಒಂದು ಕಥೆಯಿದೆ. ಕೈಲಾಶ್ ಕಾಟ್ಕರ್ ನಡೆಸುತ್ತಿದ್ದ ರಿಪೇರಿ ಅಂಗಡಿಗೆ ವೈರಸ್ ಹಿಡಿದ ಕಂಪ್ಯೂಟರುಗಳು ಬರುತ್ತಿದ್ದವು. ಅವನ್ನು ಚೊಕ್ಕ ಮಾಡಲು ತಮ್ಮ ಸಂಜಯ್ ಬರೆದ ಸಣ್ಣ ಪ್ರೋಗ್ರಾಮುಗಳೇ ಬೆಳೆದು ಕ್ವಿಕ್ ಹೀಲ್ ಆದವು. ಆ ಕಂಪನಿ 2016ರಲ್ಲಿ ಷೇರುಪೇಟೆಗೆ ಬಂತು. ಎಲ್ಲರೂ ಅಷ್ಟು ದೊಡ್ಡದಾಗಬೇಕಿಲ್ಲ. ಆದರೆ ಕೆಲಸ ಶುರುವಾದ ಬಗೆ ಗಮನಿಸಿ: ತಮ್ಮ ಮೇಜಿನ ಮೇಲೆ ದಿನವೂ ಬಂದು ಬೀಳುತ್ತಿದ್ದ ತೊಂದರೆಗೆ ಅವರು ಮದ್ದು ಹುಡುಕಿದರು.

896 ಎಂಬ ಸಂಖ್ಯೆ

ಪುಣೆಯ ಕನ್ನಡಿಗರ ಮೇಜಿನ ಮೇಲೆ ದಿನವೂ ಬೀಳುವ ತೊಂದರೆ ಯಾವುದು? ಮರಾಠಿಯ ಹೆಸರು, ವಿಳಾಸ, ಪಟ್ಟಿಗಳನ್ನು ಕನ್ನಡ ಲಿಪಿಯಲ್ಲಿ ಮತ್ತೆ ಟೈಪ್ ಮಾಡುವುದು. ಇದಕ್ಕೊಂದು ಪುಟ್ಟ ಸಾಧನ ಮಾಡೋಣ.

ಜಿಸ್ಟ್‌ನ ಕಾಲದ ಇಸ್ಕಿ ಸಂಕೇತ ವ್ಯವಸ್ಥೆಯಲ್ಲಿ ಭಾರತೀಯ ಲಿಪಿಗಳಿಗೆಲ್ಲ ಒಂದೇ ಅನುಕ್ರಮವಿತ್ತು. 1991ರಲ್ಲಿ ಯೂನಿಕೋಡ್ ಬಂದಾಗ ಇಸ್ಕಿಯ 1988ರ ರೂಪವನ್ನೇ ಆಧಾರವಾಗಿ ಇಟ್ಟುಕೊಂಡಿತು. ಹಾಗಾಗಿ ದೇವನಾಗರಿ ಮತ್ತು ಕನ್ನಡದ ಅಕ್ಷರಗಳು ತಮ್ಮ ತಮ್ಮ ಕೋಷ್ಟಕದಲ್ಲಿ ಒಂದೇ ಸ್ಥಾನದಲ್ಲಿ ಕೂತಿವೆ. ದೇವನಾಗರಿಯ ‘ಕ’ ಸಂಖ್ಯೆ 2325, ಕನ್ನಡದ ‘ಕ’ 3221. ದೇವನಾಗರಿಯ ಸೊನ್ನೆ 2406, ಕನ್ನಡದ ಸೊನ್ನೆ 3302. ಎರಡು ಕಡೆಯೂ ವ್ಯತ್ಯಾಸ 896. ಮರಾಠಿ ಅಕ್ಷರದ ಸಂಖ್ಯೆಗೆ 896 ಕೂಡಿಸಿದರೆ ಅದೇ ಅಕ್ಷರ ಕನ್ನಡದಲ್ಲಿ ಬರುತ್ತದೆ!

ಆಟೊಮೇಟರ್ ತೆರೆದು ಹೊಸ ಕ್ವಿಕ್ ಆ್ಯಕ್ಷನ್ ಆರಿಸಿ. ಯಾವ ಆಪ್‌ನಿಂದಲಾದರೂ ಪಠ್ಯ ಸ್ವೀಕರಿಸುವಂತೆ ಹೇಳಿ, ಆಯ್ದ ಪಠ್ಯದ ಜಾಗದಲ್ಲಿ ಉತ್ತರ ಕೂರಿಸುವ ಆಯ್ಕೆಗೆ ಗುರುತು ಹಾಕಿ. ‘ರನ್ ಜಾವಾಸ್ಕ್ರಿಪ್ಟ್’ ಸೇರಿಸಿ. ಒಂದೊಂದೇ ಅಕ್ಷರ ತೆಗೆದುಕೊಂಡು, ಅದರ ಸಂಖ್ಯೆ 2305ರಿಂದ 2381ರೊಳಗೆ ಅಥವಾ 2406ರಿಂದ 2415ರೊಳಗೆ ಇದ್ದರೆ 896 ಕೂಡಿಸು, ಇಲ್ಲದಿದ್ದರೆ ಹಾಗೆಯೇ ಬಿಡು ಎಂಬ ಆರೇಳು ಸಾಲು ಸಾಕು. ಉಳಿಸಿ, ಕೀಬೋರ್ಡ್ ಶಾರ್ಟ್‌ಕಟ್ಸ್‌ನ ಸರ್ವಿಸಸ್‌ನಲ್ಲಿ ಅದಕ್ಕೊಂದು ಕೀಲಿ ಗೊತ್ತುಮಾಡಿ. ಇನ್ನು ಮೇಲೆ ಮರಾಠಿ ಪಠ್ಯ ಆಯ್ದು ಆ ಕೀಲಿ ಒತ್ತಿದರೆ ಕನ್ನಡ ಲಿಪಿ.

ಪುಣೆಯ ಹೆಸರುಗಳನ್ನೇ ಕೊಟ್ಟು ನೋಡಿದರೆ ಇದರ ಬಲವೂ ಮಿತಿಯೂ ಗೊತ್ತಾಗುತ್ತವೆ. ‘ಶಿವಾಜೀನಗರ’ ಒಂದಕ್ಷರವೂ ತಪ್ಪದೆ ಬರುತ್ತದೆ, ಕೊನೆಯ ಅಕಾರ ಸಹಿತ. ಡೆಕ್ಕನ್ ಮಾತ್ರ ‘ಡೇಕ್ಕನ’ ಆಗುತ್ತದೆ, ಮರಾಠಿಗೆ ಹ್ರಸ್ವ ಎಕಾರ ಇಲ್ಲವಲ್ಲ. ಸ್ವಾರ್‌ಗೇಟ್ ‘ಸ್ವಾರಗೇಟ’ ಆಗುತ್ತದೆ, ಕೊನೆಯ ಅಕಾರವನ್ನು ಮರಾಠಿ ಬರೆಯುತ್ತದೆ, ಉಚ್ಚರಿಸುವುದಿಲ್ಲ. ಪದದ ಕೊನೆಗೆಲ್ಲ ಹಲಂತ ಹಾಕಿಬಿಡೋಣ ಎಂದರೆ ‘ಮಹಾರಾಷ್ಟ್ರ’ ಕೆಡುತ್ತದೆ. ಒತ್ತಕ್ಷರದಲ್ಲಿ ಮುಗಿದರೆ ಬಿಡು, ಇಲ್ಲದಿದ್ದರೆ ಹಾಕು ಎಂದು ಹೇಳಬೇಕು. ಇನ್ನು ಕ್ಯಾಂಪ್, ಆಫೀಸ್ ಮುಂತಾದ ಇಂಗ್ಲಿಷ್ ಪದಗಳಿಗೆ ಮರಾಠಿ ಬಳಸುವ ಅರ್ಧಚಂದ್ರದ ಸ್ವರಗಳಿಗೆ ಕನ್ನಡದಲ್ಲಿ ಜೋಡಿ ಇಲ್ಲ. 896 ಕೂಡಿಸಿದರೆ ಖಾಲಿ ಚೌಕ ಬೀಳುತ್ತದೆ. ಅವನ್ನು ಮೊದಲೇ ಹಿಡಿದು, 2373 ಬಂದರೆ ಹಲಂತ, ಯಕಾರ, ದೀರ್ಘ ಮೂರನ್ನೂ, 2377 ಬಂದರೆ ಬರೀ ದೀರ್ಘವನ್ನು, 2321 ಬಂದರೆ ‘ಆ’ ಅಕ್ಷರವನ್ನು ಹಾಕಿಸಿ.

ಕನ್ನಡದಿಂದ ದೇವನಾಗರಿಗೆ ಹೋಗಲು 896 ಕಳೆಯಬೇಕು. ಅಂಕಿಗಳಷ್ಟೇ ಬೇಕೆಂದರೆ ಇನ್ನೂ ಸುಲಭ: ಇಂಗ್ಲಿಷ್ ಸೊನ್ನೆಯ ಸಂಖ್ಯೆ 48, ಕನ್ನಡದ ಅಂಕಿಯಿಂದ 3254 ಕಳೆದರೆ ಇಂಗ್ಲಿಷ್ ಅಂಕಿ. ಲೆಕ್ಕಪತ್ರ ಮಾಡುವವರಿಗೆ ಇದೊಂದೇ ಸಾಕಷ್ಟು ಉಪಕಾರ.

ಸ್ಕ್ರಿಪ್ಟ್‌ನಿಂದ ಆಪ್‌ಗೆ

ನಾಲ್ಕು ಜನ ಸ್ನೇಹಿತರು ‘ನಮಗೂ ಕೊಡು’ ಎಂದರೆ ಅದು ಆಪ್ ಆಗುವ ಹೊತ್ತು. ಎಕ್ಸ್‌ಕೋಡ್ ಉಚಿತ. ಸ್ವಿಫ್ಟ್‌ಯುಐನಲ್ಲಿ 2022ರ ವೆಂಚುರಾದಿಂದ ಮೆನು ಬಾರ್ ಆಪ್ ಬರೆಯಲು ‘ಮೆನುಬಾರ್‌ಎಕ್ಸ್‌ಟ್ರಾ’ ಎಂಬ ಸಿದ್ಧ ಘಟಕವಿದೆ. ಹೊಸಬರು ಇಲ್ಲಿಂದಲೇ ಶುರುಮಾಡಬಹುದು.

ಕನ್ನಡಕ್ಕೆ ಸಂಬಂಧಿಸಿದ ಎರಡು ಎಚ್ಚರಿಕೆ. ಸ್ವಿಫ್ಟ್‌ನಲ್ಲಿ ‘ಪುಣೆ’ ಎಂಬ ಪದದ ಉದ್ದ ಕೇಳಿದರೆ 2 ಎನ್ನುತ್ತದೆ, ನಾವು ಓದುವ ಲೆಕ್ಕದಂತೆ. ಒಳಗಿನ ಯೂನಿಕೋಡ್ ಘಟಕಗಳು 4, ಯುಟಿಎಫ್-8ರಲ್ಲಿ ಅದು ಹಿಡಿಯುವ ಜಾಗ 12 ಬೈಟ್. ಲಿಪಿ ಬದಲಿಸುವಾಗ ಎರಡನೆಯ ಲೆಕ್ಕ ಹಿಡಿಯಬೇಕು, ಕರ್ಸರ್ ಸರಿಸುವಾಗ ಮೊದಲನೆಯದು. ಎರಡನೆಯ ಎಚ್ಚರಿಕೆ ಪರದೆಯದು. ಇಂಗ್ಲಿಷಿಗೆಂದು ಅಳತೆ ಮಾಡಿದ ಸಾಲಿನ ಎತ್ತರದಲ್ಲಿ ಕನ್ನಡದ ಒತ್ತಕ್ಷರದ ಬಾಲ ಕತ್ತರಿಸಿಹೋಗುತ್ತದೆ. ಎತ್ತರವನ್ನು ಸಂಖ್ಯೆಯಲ್ಲಿ ಕಟ್ಟಿಹಾಕದೆ ಪಠ್ಯಕ್ಕೆ ತಕ್ಕಂತೆ ಬೆಳೆಯಲು ಬಿಡಿ. ‘ರಾಷ್ಟ್ರ’, ‘ಸ್ವಾತಂತ್ರ್ಯ’ ಎಂಬ ಪದಗಳನ್ನು ಹಾಕಿ ಪರೀಕ್ಷಿಸಿ.

ಆಪಲ್ ಚಿಪ್ಪಿನ ಮ್ಯಾಕ್‌ಗಳು 2020ರ ನವೆಂಬರಿನಲ್ಲಿ ಬಂದವು. ಇಂಟೆಲ್ ಮ್ಯಾಕ್‌ಗಳಿಗೆ ಟಾಹೋನೇ ಕೊನೆಯ ಆವೃತ್ತಿ. ಆದರೂ ಮನೆಮನೆಗಳಲ್ಲಿ ಹಳೆಯವು ಇನ್ನೂ ನಡೆಯುತ್ತಿರುವುದರಿಂದ ಎರಡಕ್ಕೂ ನಡೆಯುವ ಯೂನಿವರ್ಸಲ್ ರೂಪದಲ್ಲಿ ಕೊಡಿ.  

ಎಲ್ಲಿ ಮಾರುವುದು, ಎಷ್ಟು ಉಳಿಯುತ್ತದೆ

ಆಪಲ್‌ನ ಡೆವಲಪರ್ ಸದಸ್ಯತ್ವ ವರ್ಷಕ್ಕೆ 99 ಡಾಲರ್. ಇದನ್ನು ತಪ್ಪಿಸಲು ನೋಡಬೇಡಿ. ಆಪ್ ಸ್ಟೋರ್ ಬಿಟ್ಟು ನಿಮ್ಮದೇ ಜಾಲತಾಣದಿಂದ ಹಂಚಿದರೂ ಆಪ್‌ಗೆ ಸಹಿ ಹಾಕಿ ಆಪಲ್‌ನಿಂದ ನೋಟರೈಸ್ ಮಾಡಿಸಬೇಕು. ಮಾಡಿಸದ ಆಪ್ ತೆರೆಯಲು ಸೆಕ್ವೊಯಾದಿಂದೀಚೆಗೆ ಬಳಕೆದಾರರು ಸೆಟ್ಟಿಂಗ್ಸ್‌ನ ಪ್ರೈವಸಿ ಆ್ಯಂಡ್ ಸೆಕ್ಯುರಿಟಿಗೆ ಹೋಗಿ ಅನುಮತಿ ಕೊಡಬೇಕು. ಆ ಎಚ್ಚರಿಕೆ ನೋಡಿದ ಹತ್ತರಲ್ಲಿ ಒಂಬತ್ತು ಮಂದಿ ಹಿಂದೆ ಸರಿಯುತ್ತಾರೆ ಎಂದೇ ಲೆಕ್ಕ ಹಾಕಿ.

ಮ್ಯಾಕ್ ಆಪ್ ಸ್ಟೋರ್ 2011ರ ಜನವರಿಯಲ್ಲಿ ತೆರೆಯಿತು. ವರ್ಷದ ಗಳಿಕೆ 10 ಲಕ್ಷ ಡಾಲರ್ ಮೀರದ ಸಣ್ಣ ಡೆವಲಪರುಗಳಿಂದ ಆಪಲ್ 2021ರಿಂದ ಶೇ 15 ಕಮಿಷನ್ ಪಡೆಯುತ್ತದೆ. ಆ ರಿಯಾಯಿತಿಗೆ ಅರ್ಜಿ ಹಾಕಬೇಕು, ಹಾಕದಿದ್ದರೆ ಶೇ 30 ಹೋಗುತ್ತದೆ. ಅಲ್ಲಿನ ಆಪ್‌ಗಳು ಸ್ಯಾಂಡ್‌ಬಾಕ್ಸ್‌ನೊಳಗೆ ಇರಬೇಕು. ಬೇರೆ ಆಪ್‌ಗಳ ಮೇಲೆ ಹಿಡಿತ ಬೇಕಾದ ಕೀಬೋರ್ಡ್ ಮಾಯೆಸ್ಟ್ರೊದಂಥವು ಹೊರಗೇ ಮಾರಾಟವಾಗುವುದು ಇದರಿಂದಲೇ. ನಮ್ಮ ಲಿಪಿ ಪರಿವರ್ತಕ ಸರ್ವಿಸಸ್ ಮೂಲಕ ನಡೆಯುವುದರಿಂದ ಅದಕ್ಕೆ ಈ ಅಡ್ಡಿಯಿಲ್ಲ.

ಹೊರಗೆ ಮಾರುವುದಾದರೆ ಪ್ಯಾಡಲ್, ಲೆಮನ್ ಸ್ಕ್ವೀಝಿಯಂಥ ಸೇವೆಗಳಿವೆ. ಅವು ಕಾನೂನಿನ ದೃಷ್ಟಿಯಲ್ಲಿ ತಾವೇ ಮಾರಾಟಗಾರರಾಗಿ, ಯುರೋಪಿನ ವ್ಯಾಟ್ ಮುಂತಾದ ತೆರಿಗೆಗಳನ್ನು ತಾವೇ ಕಟ್ಟುತ್ತವೆ. ಅವರ ಸಾಮಾನ್ಯ ದರ ಶೇ 5 ಮತ್ತು ಪ್ರತಿ ಮಾರಾಟಕ್ಕೆ 50 ಸೆಂಟ್. ಆಪ್‌ನ ಬೆಲೆ 5 ಡಾಲರ್ ಇದ್ದರೆ 75 ಸೆಂಟ್ ಹೋಯಿತು, ಅಂದರೆ ಆಪಲ್‌ನ ಶೇ 15ರಷ್ಟೇ. 20 ಡಾಲರ್ ಇದ್ದರೆ ಒಂದೂವರೆ ಡಾಲರ್, ಶೇ 7.5. ಅಗ್ಗದ ಆಪ್‌ಗೆ ಆಪ್ ಸ್ಟೋರ್, ದುಬಾರಿಯದಕ್ಕೆ ಸ್ವಂತ ಜಾಲತಾಣ ಎಂಬುದು ಈ ಲೆಕ್ಕದಿಂದ ಬಂದ ಜಾಣ್ಮೆ. ಹೊರಗೆ ಮಾರುವ ಆಪ್‌ಗೆ ಹೊಸ ಆವೃತ್ತಿ ತಲುಪಿಸಲು ಸ್ಪಾರ್ಕಲ್ ಎಂಬ ಮುಕ್ತ ಘಟಕ ಸೇರಿಸಿ. ಉಕ್ರೇನಿನ ಮ್ಯಾಕ್‌ಪಾ ನಡೆಸುವ ಸೆಟ್‌ಆಪ್ ಎಂಬ ಚಂದಾ ಯೋಜನೆ ಮೂರನೆಯ ದಾರಿ.

ಬೆಲೆ ಇಡುವಾಗ ಒಂದು ಹಳೆಯ ಪಾಠ ನೆನಪಿರಲಿ. ಕರೇಲಿಯಾ ಎಂಬ ಸಣ್ಣ ಕಂಪನಿಯ ವಾಟ್ಸನ್ ಆಪ್ ಜನಪ್ರಿಯವಾಗಿತ್ತು. 2002ರಲ್ಲಿ ಆಪಲ್ ಅದೇ ಕೆಲಸವನ್ನು ತನ್ನ ಷರ್ಲಾಕ್ 3ರಲ್ಲಿ ಉಚಿತವಾಗಿ ಕೊಟ್ಟಿತು. ಅಂದಿನಿಂದ ‘ಷರ್ಲಾಕ್ ಆಯಿತು’ ಎಂಬುದು ಡೆವಲಪರುಗಳ ಬಾಯಲ್ಲಿ ನುಡಿಗಟ್ಟಾಗಿದೆ. ಎಲ್ಲರಿಗೂ ಬೇಕಾದ ಆಪ್ ಬರೆದವರಿಗೆ ಈ ಭಯ ಹೆಚ್ಚು. ಮರಾಠಿ-ಕನ್ನಡ ಗಡಿಯಲ್ಲಿ ಬೇಕಾಗುವ ಆಪ್‌ಗೆ ಅಂಥ ಭಯ ಕಡಿಮೆ. ಹಾಗೆಯೇ ಗಿರಾಕಿಗಳೂ ಕಡಿಮೆ ಎಂಬುದನ್ನು ತಿಳಿದೇ ಇಳಿಯಬೇಕು.

ನೌಕರಿ, ತೆರಿಗೆ, ಮೊದಲ ಬಳಕೆದಾರರು

ಐಟಿ ಕಂಪನಿಯಲ್ಲಿ ಕೆಲಸದಲ್ಲಿದ್ದರೆ ನೇಮಕಾತಿ ಪತ್ರದ ಬೌದ್ಧಿಕ ಹಕ್ಕಿನ ಕಲಮನ್ನು ಮೊದಲು ಓದಿ. ಬಿಡುವಿನಲ್ಲಿ ಬರೆದದ್ದೂ ಕಂಪನಿಗೇ ಸೇರುತ್ತದೆ ಎಂದು ಕೆಲವು ಒಪ್ಪಂದಗಳು ಹೇಳುತ್ತವೆ. 2022ರಲ್ಲಿ ವಿಪ್ರೋ, ಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದರೆಂದು 300 ಮಂದಿಯನ್ನು ಕೆಲಸದಿಂದ ತೆಗೆದದ್ದು ದೊಡ್ಡ ಸುದ್ದಿಯಾಗಿತ್ತು. ಸ್ವಂತ ಆಪ್ ಅದೇ ಬಗೆಯದಲ್ಲ. ಆದರೂ ಬರಹದಲ್ಲಿ ಅನುಮತಿ ಪಡೆಯುವುದು, ಆಫೀಸಿನ ಲ್ಯಾಪ್‌ಟಾಪಿನಲ್ಲಿ ಒಂದು ಸಾಲೂ ಬರೆಯದಿರುವುದು ಕ್ಷೇಮ.

ಸೇವೆಗಳ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಬೇಕು. ನೋಂದಣಿ ಮಾಡಿಸಿದವರು ವಿದೇಶದ ಆದಾಯಕ್ಕೆ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿ ತೆರಿಗೆಯಿಲ್ಲದೆ ರಫ್ತು ಮಾಡಬಹುದು. ಹೊರದೇಶದಿಂದ ಹಣ ಬಂದಾಗಲೆಲ್ಲ ಬ್ಯಾಂಕಿನಿಂದ ಅದರ ದಾಖಲೆ ಪಡೆದಿಟ್ಟುಕೊಳ್ಳಿ. ಮೊದಲ ವರ್ಷವೇ ಒಬ್ಬ ಸಿಎ ಅವರನ್ನು ಕಂಡರೆ ಆಮೇಲಿನ ತಲೆನೋವು ತಪ್ಪುತ್ತದೆ.

ಬಿಡುಗಡೆಗೆ ಮುನ್ನ ಟೆಸ್ಟ್‌ಫ್ಲೈಟ್ ಮೂಲಕ ಆಪ್ ಅನ್ನು ಹತ್ತಾರು ಮಂದಿಯ ಕೈಗೆ ಕೊಡಿ. ಪುಣೆಯಲ್ಲಿ ಕನ್ನಡ ಸಂಘವಿದೆ, ಅದು ನಡೆಸುವ ಡಾ. ಶಾಮರಾವ್ ಕಲ್ಮಾಡಿ ಅವರ ಹೆಸರಿನ ಕನ್ನಡ ಶಾಲೆಯಿದೆ, ಮರಾಠಿಯಿಂದ ಕನ್ನಡಕ್ಕೆ ಅನುವಾದಿಸುವವರಿದ್ದಾರೆ. ಗಡಿಭಾಗದ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಬೆಳಗಾವಿಗಳಲ್ಲಿ ಎರಡೂ ಲಿಪಿ ಓದುವವರು ಬೇಕಾದಷ್ಟು ಜನ. ಅವರಿಗೆ ‘ಹೇಗಿದೆ’ ಎಂದು ಕೇಳಬೇಡಿ, ‘ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ. ಯಾವ ಪದ ತಪ್ಪಾಗಿ ಬಂತು, ಅದನ್ನಷ್ಟೇ ಕಳಿಸಿ ಎನ್ನಿ. ಮತದಾರರ ಪಟ್ಟಿಯ ಹೆಸರು, ಮದುವೆ ಕರೆಯೋಲೆ, ಜಮೀನಿನ ಸಾತ್‌ಬಾರಾ ಉತಾರ ಎಲ್ಲೆಲ್ಲಿಂದಲೋ ತಪ್ಪುಗಳು ಬರುತ್ತವೆ. ಆ ಪಟ್ಟಿಯನ್ನು ಒಂದೊಂದಾಗಿ ತೀರಿಸುತ್ತ ಹೋಗಿ. ಒಂದು ವಾರ ಹೊಸ ತಪ್ಪು ಬಾರದೆ ಹೋದರೆ ಬೆಲೆಯ ಬಗ್ಗೆ ಯೋಚಿಸಬಹುದು.